ಪ್ಯಾಡು ಹೊಲಿದವನ ಲೆಕ್ಕ

ಹಾಸನದ ಹೊಸಲೈನ್ ರಸ್ತೆಯಲ್ಲಿ ನಂದು ಸೀಟ್ ಕವರಿನ ಅಂಗಡಿ.
ಆಟೋ, ಲೂನಾ, ಒಂದೊಂದು ಸಲ ಹಲ್ಲಿನ ಡಾಕ್ಟರ ಕುರ್ಚಿ.
ಹಾಕಿಗೂ ನನಗೂ ಏನು ಸಂಬಂಧ ಅಂದರೆ
ಒಂದು ಸೂಜಿಯಷ್ಟು.

ಹದಿಮೂರರ ಹುಡುಗ, ಕ್ರೀಡಾ ಹಾಸ್ಟೆಲಿನವನು,
ತನಗಿಂತ ಅಗಲದ ಎರಡು ಪ್ಯಾಡು ಹೊತ್ತು ಬಂದು
ಮೆಟ್ಟಿಲ ಕೆಳಗೇ ನಿಂತಿದ್ದ.
ಹರಿದಲ್ಲೆಲ್ಲ ಹತ್ತಿ ಇಣುಕುತ್ತಿತ್ತು.
"ತೊಗಲು ಬೇಡಣ್ಣ, ರೆಕ್ಸಿನ್ ಹಾಕಿ,
ತೊಗಲಾದರೆ ಅಮ್ಮ ಹೊಸ್ತಿಲು ದಾಟಿಸಲ್ಲ."
ಬೆಳಗೊಳದ ಕಡೆಯ ಜೈನರ ಮಗ, ಧರಣೇಂದ್ರ.
"ಗೋಲಲ್ಲಿ ಯಾಕೋ ನಿಂತೆ?"
"ತಡವಾಗಿ ಬಂದೆ. ಉಳಿದಿದ್ದು ಅದೊಂದೇ ಜಾಗ."

ಆಮೇಲೆ ವರ್ಷಕ್ಕೆರಡು ಸಲ.
ಅವನು ಮಾತಾಡುತ್ತಿರಲಿಲ್ಲ, ಪ್ಯಾಡು ಮಾತಾಡುತ್ತಿತ್ತು.
ಎಡಗಾಲಿನ ಒಳಮಗ್ಗುಲೊಂದೇ ಸವೆದಿದ್ದರೆ
ಆ ವರ್ಷ ಎಲ್ಲರೂ ಅವನು ಸೋಲುವ ಕಡೆಗೇ ಹೊಡೆದಿದ್ದಾರೆ.
ಮುಂದಿನ ವರ್ಷ ಎರಡೂ ಕಡೆ ಸವೆತ ಸಮ:
ಕಲಿತಿದ್ದಾನೆ.
ಬಕಲಲ್ಲಿ ಕೆಮ್ಮಣ್ಣಿದ್ದರೆ ಊರ ಮೈದಾನ,
ಹಸಿರು ನೂಲಿದ್ದರೆ ಟರ್ಫು.
ಹಸಿರು ನೂಲು ಮೊದಲು ಸಿಕ್ಕ ದಿನ
ಪಕ್ಕದ ಪಂಕ್ಚರ್ ಅಂಗಡಿಯ ಪುಟ್ಟಶಾಮಿಗೆ ತೋರಿಸಿದೆ.
ಅವನು ಹುಲ್ಲು ಅಂದ.

ರೈಲ್ವೆಯಲ್ಲಿ ಕೆಲಸ, ಹುಬ್ಬಳ್ಳಿ.
ತಂಡದಲ್ಲಿ ಹೆಸರು, ಬೆನ್ನ ಮೇಲೆ ಹದಿನಾರು.
ಆಗಿನಿಂದ ಪ್ಯಾಡು ಸುಮ್ಮನಾಯಿತು.
ಒಂದು ವರ್ಷ, ಎರಡು, ಏಳು.
ಹಾಕಿದ ಹೊಲಿಗೆ ಹಾಕಿದ ಹಾಗೇ,
ದಾರದ ಮೇಣ ಕೂಡ ಹೋಗಿಲ್ಲ.
ಹೊಲಿಯಲು ಏನೂ ಇಲ್ಲ ಅಂತ ಹೇಳುವುದು ಹೇಗೆ?
ಬಿಚ್ಚಿ ಮತ್ತೆ ಅದನ್ನೇ ಹೊಲಿದೆ.
ದುಡ್ಡೂ ತಗೊಂಡೆ.
ತಗೊಳ್ಳದಿದ್ದರೆ ಅವನಿಗೆ ಗೊತ್ತಾಗಿಬಿಡುತ್ತಿತ್ತು
ನನಗೆ ಗೊತ್ತು ಅಂತ.

ಒಬ್ಬ ಗೋಲಿ ಬೀಳದೆ ಇನ್ನೊಬ್ಬ ಏಳುವ ಹಾಗಿಲ್ಲ.
ಮೊದಲಿನವನಿಗೆ ಜ್ವರ ಬರಲಿ ಅಂತ
ಯಾವ ದೇವರ ಹತ್ತಿರ ಕೇಳುವುದು?
ಅವನ ದೇವರೋ
ಇರುವೆಯನ್ನೂ ತುಳಿಯಬೇಡ ಅನ್ನುವವನು.

ಎಂಟನೇ ವರ್ಷ, ಮಾರ್ಚಿಯಲ್ಲಿ,
ಚೀಲ ತಂದು ಮೇಜಿನ ಮೇಲೆ ಸುರಿದ.
ಬಲಗಾಲಿನದು ಉದ್ದಕ್ಕೂ ಬಾಯಿಬಿಟ್ಟಿತ್ತು,
ಫೋಮು ಹಲಸಿನ ತೊಳೆಯ ಹಾಗೆ ಹೊರಗೆ.
ಎದೆಗಾಪಿನ ಮೇಲೆ ಚೆಂಡಿನ ಬಿಳಿ ಗುರುತು
ಹದಿನೇಳು. ಎಣಿಸಿದೆ.
"ಗೆದ್ದಿರಾ?"
"ಒಂದು ಹೋಯ್ತು ಬಾಬಣ್ಣ, ಕಾಲ ಸಂದಿಯಲ್ಲಿ."
ಹದಿನೇಳರ ಸುದ್ದಿಯೇ ಇಲ್ಲ.
ಆ ಒಂದನ್ನೇ ಟೀ ಆರಿ ಕೆನೆಗಟ್ಟುವ ತನಕ
ಹಿಂದಕ್ಕೂ ಮುಂದಕ್ಕೂ ಓಡಿಸಿ ಹೇಳಿದ:
ಅವನು ಹೀಗೆ ಬಂದ, ನಾನು ಹೀಗೆ ಕೂತೆ,
ಅರ್ಧ ಗೇಣು, ಅರ್ಧ ಗೇಣು.
ಆ ಸಲ ಮಾತ್ರ ನಾನು ದುಡ್ಡು ಮುಟ್ಟಲಿಲ್ಲ.

ಆಮೇಲೆ ನಾಲ್ಕು ವರ್ಷ ಆಡಿದ. ಸೊಂಟ ಕೈಕೊಟ್ಟಿತು.
ಈಗ ಹಾಸನ ಸ್ಟೇಷನ್ನಿನಲ್ಲೇ ಪಾರ್ಸೆಲ್ ಗುಮಾಸ್ತ,
ಬೆಳಗಿನ ಹೊತ್ತು ಹಾಸ್ಟೆಲಿನ ಹುಡುಗರಿಗೆ
ಚೆಂಡು ಹೊಡೆದುಕೊಡುತ್ತಾನೆ, ಅವರು ತಡೆಯಲಿ ಅಂತ.

ಮೊನ್ನೆ ಪ್ಯಾಡು ತಂದ. "ಕೊಯ್ದು
ನನ್ನ ಟಿವಿಎಸ್ ಸೀಟಿಗೆ ಹಾಕು ಬಾಬಣ್ಣ.
ಏಳು ವರ್ಷ ಹಲಗೆ ಬೆಂಚಿನ ಮೇಲೆ ಕೂತಿದ್ದೆ,
ಇನ್ನಾದರೂ ಮೆತ್ತಗೆ ಕೂರುತ್ತೀನಿ."
ಕತ್ತರಿ ಹಾಕಿದರೆ ಒಳಗೆ ನನ್ನದೇ ಹೊಲಿಗೆ,
ಕಪ್ಪು, ಕಂದು, ಕಪ್ಪು, ಒಂದರ ಮೇಲೊಂದು.
ಮೊದಮೊದಲಿನವು ಇರುವೆ ಸಾಲಿನಷ್ಟು ನೇರ,
ಈಚಿನವು ಸೊಟ್ಟ.
ನನ್ನ ಕಣ್ಣೂ ಅಲ್ಲೇ ಸವೆದಿದೆ, ನೋಡೇ ಇರಲಿಲ್ಲ.

ಚಿಲ್ಲರೆ ಕೊಡುವಾಗ ಐದರ ನಾಣ್ಯ ಜಾರಿತು,
ಉರುಳಿತು ಚರಂಡಿಯ ಕಡೆ.
ಅವನ ಮಂಡಿ ತಾನಾಗಿ ಬಗ್ಗಿತು,
ಎಡಗಾಲು ಹೊರಳಿತು, ಕೈ ಅಗಲವಾದವು.
ನಾಣ್ಯ ಕಾಲ ಸಂದಿಯಲ್ಲೇ ನುಸುಳಿ
ಗುಳುಂ.
ಪುಟ್ಟಶಾಮಿ ಟ್ಯೂಬು ಬಿಟ್ಟು ನಕ್ಕ.
ಧರಣೇಂದ್ರ ಸೊಂಟ ಹಿಡಿದು ಏಳುತ್ತಾ
"ಹೋಗಲಿ ಬಿಡು ಬಾಬಣ್ಣ," ಅಂದ,
"ಗೋಲು ನಿಂದೇ."